ಚುಕ್ಕಿ ಇಟ್ಟ ಜಾಗ

ಬಸ್ಸಿನ ಹಣೆಯ ಮೇಲೆ ‘ಬಳ್ಳಾರಿ’ ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನ್ನು ಒಂದು ಮಾತು ಕೇಳದೆ ನಾನು ಹತ್ತಿದವಳಲ್ಲ. ಕುರುಗೋಡಿನಿಂದ ಬಳ್ಳಾರಿಗೆ ಮೂವತ್ತು ವರ್ಷಕ್ಕೂ ಮಿಕ್ಕಿ ದಿನಾ ಓಡಾಡಿದ್ದೇನೆ. ನಿವೃತ್ತಿಯ ದಿನ ಬೆಳಗ್ಗೆಯೂ ಕೇಳಿಯೇ ಹತ್ತಿದೆ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ಕಸುಬಿನಿಂದ ಬಂದದ್ದು ಎಂದು ನಾನು ಹೇಳಿದರೆ ನಗುತ್ತಾರೆ. ನಮ್ಮ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನೀವು ನಗಬೇಡಿ. ನಿಮಗೂ ಇದು ಬರುತ್ತದೆ, ಬರಬೇಕು ಕೂಡ. ಆದರೆ ಅನುಮಾನವನ್ನು ಯಾರ ಕಡೆ ತಿರುಗಿಸಬೇಕು ಎನ್ನುವುದನ್ನು ನಾನು ತಡವಾಗಿ ಕಲಿತೆ, ಅದಕ್ಕೆ ಬೆಲೆ ತೆತ್ತವಳು ಇನ್ನೊಬ್ಬಳು. ಅದನ್ನೇ ಬರೆಯಲು ಕುಳಿತಿದ್ದೇನೆ.

ನಾನು ಶರಣಮ್ಮ. ಬಳ್ಳಾರಿಯ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಟೆಕ್ನಿಷಿಯನ್ ಎಂದರೆ ಜನ ರಕ್ತ ತೆಗೆಯುವವಳು ಅಂದುಕೊಳ್ಳುತ್ತಾರೆ. ನನ್ನ ಕೈಗೆ ಬರುತ್ತಿದ್ದದ್ದು ರೋಗಿಯ ಮೈಯಿಂದ ತೆಗೆದ ಚೂರು. ಲಿವರಿನದೋ, ಕಿಡ್ನಿಯದೋ, ಗಂಟಲಿನದೋ. ಅದನ್ನು ಕರಗಿದ ಮೇಣದಲ್ಲಿ ಕೂರಿಸಿ ಅಚ್ಚು ಮಾಡಿ, ಆ ಅಚ್ಚನ್ನು ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿನ ಮೇಲೆ ಹಿಡಿದು, ಬಣ್ಣ ಹಾಕಿ ಡಾಕ್ಟರ ಮೇಜಿಗೆ ಇಡಬೇಕು. ಅವರು ಮೈಕ್ರೋಸ್ಕೋಪಿನಲ್ಲಿ ನೋಡಿ ಏನಾಗಿದೆ ಎಂದು ಬರೆಯುತ್ತಾರೆ. ಕೊಯ್ದ ಪದರ ಎಷ್ಟು ಹಗುರ ಎಂದರೆ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಹಾಗಾಗಿ ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಆರಿಸಿ, ಅಚ್ಚುಗಳನ್ನು ಐಸಿನ ತಟ್ಟೆಯಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದೆವು. ಮೇಣ ತಣ್ಣಗಿರಬೇಕು, ಮನುಷ್ಯರು ಬೆಂದರೂ ನಡೆಯುತ್ತದೆ.

ನನ್ನ ಮೊದಲ ಡಾಕ್ಟರು ವಿರೂಪಾಕ್ಷಪ್ಪನವರು. ಈಗ ಅವರಿಲ್ಲ. ಮಾತು ಕಡಿಮೆ, ಅನುಮಾನ ಜಾಸ್ತಿ. ನಾನು ಸೇರಿದ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಸಿರುಗುಪ್ಪ ತಾಲ್ಲೂಕಿನ ಕರೂರಿನವರೊಬ್ಬರ ಗಂಟಲಿನ ಚೂರು ಬಂದಿತ್ತು. ಭತ್ತದ ಗದ್ದೆಯಲ್ಲಿ ದುಡಿಯುವ ಗಟ್ಟಿ ಆಳು, ದನಿ ಮಾತ್ರ ಕಟ್ಟಿಹೋಗಿತ್ತು. ಸ್ಲೈಡು ನೋಡುತ್ತ ಕೂತಿದ್ದ ಡಾಕ್ಟರು ತಲೆ ಎತ್ತಿ ನನ್ನನ್ನು ಕರೆದರು.

“ಶರಣಮ್ಮಾ, ಇಲ್ಲಿ ಬಾರವ್ವಾ. ಈ ಗಂಡಸಿನ ಗಂಟಲದಾಗ ಗರ್ಭಕೋಶ ಐತೇನು?”

ಬಗ್ಗಿ ನೋಡಿದೆ. ಗಂಟಲಿನ ಚೂರಿನ ಪಕ್ಕದಲ್ಲಿ ಯಾರೋ ಹೆಂಗಸಿನ ಗರ್ಭಕೋಶದ ಒಂದು ಎಳೆ ಕೂತಿತ್ತು. ಹಿಂದಿನ ಅಚ್ಚು ಕೊಯ್ದಾಗ ನೀರಿನಲ್ಲಿ ಉಳಿದದ್ದು ಇದರ ಸ್ಲೈಡಿಗೆ ಅಂಟಿಕೊಂಡು ಬಂದಿತ್ತು.

“ಗರ್ಭಕೋಶ ಆಗಿದ್ದಕ್ಕ ಗೊತ್ತಾತು. ಇನ್ನೊಬ್ಬರ ಗಂಟಲದ್ದೇ ಕ್ಯಾನ್ಸರ್ ಚೂರು ಬಂದು ಕುಂತಿದ್ರ? ಇವರಿಗೆ ಕೊಯ್ಯಿಸಿ ಕಳಿಸ್ತಿದ್ವಿ. ಗಾಜಿನ ಮ್ಯಾಲ ಕಂಡಿದ್ದೆಲ್ಲಾ ರೋಗೀದು ಅಂತ ತಿಳ್ಕಾಬ್ಯಾಡ,” ಎಂದು ಅವರು ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿದರು. ಬೈಯಲಿಲ್ಲ. ಬೈದಿದ್ದರೆ ಆ ಸಂಜೆಗೇ ಮರೆಯುತ್ತಿದ್ದೆನೋ ಏನೋ. ಅಂದಿನಿಂದ ಒಂದೊಂದು ಅಚ್ಚಿಗೂ ನೀರಿನ ಮೇಲೆ ಕಾಗದ ಎಳೆದು ಒರೆಸುವುದು ನನಗೆ ಅಭ್ಯಾಸವಾಯಿತು.

ಇನ್ನೊಂದು ಪ್ರಸಂಗ ಕೇಳಿ. ಆಗ ಸಿರುಗುಪ್ಪದ ಸಣ್ಣ ಆಸ್ಪತ್ರೆಗಳಿಂದ ಚೂರುಗಳು ಬಾಟಲಿಯಲ್ಲಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತಿದ್ದವು. ಒಂದು ಸಲ ಬಂದ ಲಿವರಿನ ಚೂರು ಸುರುಟಿಕೊಂಡು ಬೆಂದಂತೆ ಕಾಣುತ್ತಿತ್ತು. ಜೀವಕೋಶಗಳು ಒಂದಕ್ಕೊಂದು ಬಿಟ್ಟುಕೊಂಡು ಹೊಸ ಥರದ ರೋಗವೇನೋ ಎನ್ನುವ ಹಾಗಿತ್ತು. ನನಗೆ ನಂಬಿಕೆ ಬರಲಿಲ್ಲ. ಮರುದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಆ ಕಂಡಕ್ಟರನ್ನು ಹಿಡಿದು ಕೇಳಿದೆ.

“ಸೀಟೆಲ್ಲಾ ಫುಲ್ ಇತ್ರಿ ಅಮ್ಮಾ. ಜನದ ಕಾಲಾಗ ಸಿಕ್ಕು ಒಡದೀತು ಅಂತ ಡ್ರೈವರ್ ಬಾಜೂಕ ಬಾನೆಟ್ ಮ್ಯಾಲ ಇಟ್ಟು, ಕೈ ಹಿಡ್ಕಂಡು ತಂದೀನಿ. ನಿಮ್ಮ ಬಾಟ್ಲಿಗೆ ಒಂದು ಗೀರೂ ಬಿದ್ದಿಲ್ಲ, ನೋಡ್ರಿ ಬೇಕಾದ್ರ,” ಎಂದ ಆತ.

ಸಿರುಗುಪ್ಪದಿಂದ ಬಳ್ಳಾರಿಯವರೆಗೆ ಎಂಜಿನ್ನಿನ ಬಿಸಿ ಆ ಚೂರನ್ನು ಬೇಯಿಸಿತ್ತು. ಅವನ ಜ್ವಾಕಿಯೇ, ಆ ಜೋಪಾನವೇ, ಅದನ್ನು ಕೆಡಿಸಿತ್ತು. ಡಾಕ್ಟರು “ಹೇಳಲು ಬರುವುದಿಲ್ಲ, ಇನ್ನೊಂದು ಚೂರು ಕಳಿಸಿ” ಎಂದು ಬರೆದರು. ಆ ಕಂಡಕ್ಟರನನ್ನು ನೆನೆದು ವರ್ಷಗಟ್ಟಲೆ ನಕ್ಕೆ. ಅವನಿಗಿಂತ ಹೆಚ್ಚಿನ ಜ್ವಾಕಿ ನಾನು ಮಾಡುತ್ತಿದ್ದೇನೆ ಎಂಬುದು ಆಗ ಹೊಳೆದಿರಲಿಲ್ಲ.

ನನ್ನ ಜ್ವಾಕಿಯ ಹೆಸರು ಚುಕ್ಕಿ. ಕೆಲಸ ಹೆಚ್ಚಾಗಿ, ವಿರೂಪಾಕ್ಷಪ್ಪನವರ ಕಣ್ಣು ಸೋಲತೊಡಗಿದಾಗ ಅವರೇ ಹೇಳಿದ್ದು: “ಇಡೀ ಗಾಜು ಹುಡುಕ್ಕೋತ ಕುಂದ್ರಾಕ ಹೊತ್ತಿಲ್ಲವ್ವಾ. ನೀನು ಮೊದಲು ನೋಡು. ರೋಗ ಎಲ್ಲಿ ಚೆಂದ ಕಾಣ್ತೈತೋ ಅಲ್ಲಿ ಒಂದು ಚುಕ್ಕಿ ಇಟ್ಟು ಕೊಡು.” ಅದರಂತೆ ಸ್ಲೈಡಿನ ಹಿಂಬದಿಗೆ ಮಸಿಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕಿ ಇಡತೊಡಗಿದೆ. ಅದು ಒಳ್ಳೆಯ ಪದ್ಧತಿಯೇ. ರೋಗ ಇದೆಯೋ ಇಲ್ಲವೋ ಎಂದು ನೋಡುವವರಿಗೆ ರೋಗ ಇರುವ ಜಾಗವನ್ನೇ ತೋರಿಸಬೇಕು. ಹತ್ತಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನನ್ನ ಚುಕ್ಕಿ ತಪ್ಪುವುದಿಲ್ಲ ಎನ್ನುವ ಮಾತು ಬೇರೆ ಲ್ಯಾಬಿನವರಿಗೂ ತಲುಪಿತ್ತು. ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ವಿರೂಪಾಕ್ಷಪ್ಪನವರ ನಂತರ ಡಾಕ್ಟರ್ ಸುನೀತಾ ಬಂದರು. ಬಳ್ಳಾರಿಯವರೇ, ಓದಿದ್ದು ಹೊರಗೆ. ಬಂದ ಕೆಲವು ವರ್ಷಕ್ಕೆ ಮೈಕ್ರೋಸ್ಕೋಪಿನ ತಲೆಯ ಮೇಲೆ ಕ್ಯಾಮೆರಾ ಕೂರಿಸಿ, ಪಕ್ಕದಲ್ಲಿ ಕಂಪ್ಯೂಟರ್ ಇಟ್ಟರು. ಅಲ್ಲಿಯವರೆಗೆ ಕಿಡ್ನಿಯಲ್ಲೋ ಲಿವರಿನಲ್ಲೋ ಗಾಯ ಮಾಗಿ ಗಟ್ಟಿಯಾದ ಕಲೆ ಎಷ್ಟಿದೆ ಎಂದರೆ ಡಾಕ್ಟರು ಕಣ್ಣಂದಾಜಿನಲ್ಲಿ ‘ಸ್ವಲ್ಪ’, ‘ಮಧ್ಯಮ’, ‘ಜಾಸ್ತಿ’ ಎಂದು ಬರೆಯುತ್ತಿದ್ದರು. ಇಬ್ಬರು ಡಾಕ್ಟರು ನೋಡಿದರೆ ಎರಡು ಮಾತು. ಒಬ್ಬರೇ ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಇನ್ನೊಂದು ಹೇಳಿದ್ದನ್ನೂ ನಾನು ಕಂಡಿದ್ದೇನೆ. ಈ ಯಂತ್ರ ಹಾಗಲ್ಲ ಎಂದರು. ನಾವು ಹಾಕುವ ಒಂದು ಬಗೆಯ ಬಣ್ಣದಲ್ಲಿ ಕಲೆ ನೀಲಿಯಾಗಿ, ಉಳಿದದ್ದು ಕೆಂಪಾಗಿ ಕಾಣುತ್ತದೆ. ಕಂಪ್ಯೂಟರ್ ಆ ಫೋಟೋವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳಾಗಿ ಒಡೆದು, ಒಂದೊಂದು ಚೌಕದಲ್ಲಿ ನೀಲಿ ಎಷ್ಟು, ಕೆಂಪು ಎಷ್ಟು ಎಂದು ಅಂಕಿ ಮಾಡಿಕೊಳ್ಳುತ್ತದೆ. ಇಷ್ಟು ನೀಲಿ ದಾಟಿದರೆ ಕಲೆ ಎಂದು ನಾವು ಒಂದು ಗೆರೆ ಹಾಕಿಕೊಡಬೇಕು. ಗೆರೆ ದಾಟಿದ ಚೌಕಗಳನ್ನು ಎಣಿಸಿ ನೂರಕ್ಕೆ ಇಷ್ಟು ಪಾಲು ಕಲೆ ಎಂದು ಅದು ಹೇಳುತ್ತದೆ.

ಗೆರೆ ಹಾಕುವವರು ನಾವೇ ಅಂದ ಮೇಲೆ ಅದು ಹೇಳುವುದೇನು ಬಂತು ಎಂದು ನಾನು ಮೊದಲ ದಿನವೇ ಮೂಗು ಮುರಿದೆ.

ಯಂತ್ರ ಕಲಿಸಲು ಹೈದರಾಬಾದಿನಿಂದ ಒಬ್ಬರು ಬಂದಿದ್ದರು. ಒಂದು ವಾರ ಇದ್ದರು. ಅವರು ಸ್ಲೈಡಿನ ಒಂದು ತುದಿಯಿಂದ ಶುರು ಮಾಡಿ, ಸ್ಲೈಡು ಸರಿಸುವ ಗುಂಡಿಯನ್ನು ಎಣಿಸಿದಷ್ಟೇ ತಿರುಗಿಸುತ್ತ, ನಿಂತಲ್ಲಿ ಫೋಟೋ ತೆಗೆಯುತ್ತ ಇನ್ನೊಂದು ತುದಿಗೆ ಹೋಗುತ್ತಿದ್ದರು. ಏನೂ ಇಲ್ಲದ ಜಾಗ ಬಂದರೂ ತೆಗೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇಲ್ಲಿ ರೋಗವೇ ಕಾಣುತ್ತಿಲ್ಲ, ಪಕ್ಕಕ್ಕೆ ಸರಿಸಿ ಎಂದೆ. ಅವರು ತೆಲುಗಿನಲ್ಲಿ “ಎಕ್ಕಡ ವಸ್ತೇ ಅಕ್ಕಡೇ ಅಮ್ಮಾ, ಏರಕೂಡದು” ಎಂದರು. ಎಲ್ಲಿ ಬಂತೋ ಅಲ್ಲೇ, ಆರಿಸಬಾರದು ಎಂದು. ತೆಲುಗು ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಮಾತು ಅರ್ಥವಾಯಿತು, ಮನುಷ್ಯನ ಮೇಲೆ ನಂಬಿಕೆ ಬರಲಿಲ್ಲ. ಯಂತ್ರ ಮಾರಿ ಹೋಗುವವರು, ಬೇಗ ಮುಗಿಸಿ ಬಸ್ಸು ಹಿಡಿಯುವ ಅವಸರ ಎಂದುಕೊಂಡೆ. ಅವರು ಹೋದ ಮರುದಿನದಿಂದ ನನ್ನ ಚುಕ್ಕಿ ಇದ್ದಲ್ಲಿಗೇ ಕ್ಯಾಮೆರಾ ತಂದು ಫೋಟೋ ತೆಗೆಯತೊಡಗಿದೆ. ಪಾಪ, ಯಂತ್ರಕ್ಕೆ ಕಣ್ಣಿಲ್ಲ, ನಾನಾದರೂ ಸರಿಯಾದ ಜಾಗ ತೋರಿಸೋಣ ಎಂದು. ಡಾಕ್ಟರ್ ಸುನೀತಾ ಅವರಿಗೆ ಇದನ್ನು ಹೇಳಲಿಲ್ಲ. ಹೇಳುವಂಥದ್ದು ಇದೆ ಅನ್ನಿಸಿರಲೇ ಇಲ್ಲ.

ಇನ್ನು ಹುಲಿಗೆಮ್ಮನ ವಿಷಯ.

ಹುಲಿಗೆಮ್ಮ ಸಿರಿಗೇರಿಯವಳು. ಮೂವತ್ತರ ಆಜುಬಾಜು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಕೋಣೆ ಹಿಡಿದುಕೊಂಡು, ಅಲ್ಲೇ ಒಬ್ಬ ಮಾಲಕರ ಬಳಿ ಜೀನ್ಸ್ ಹೊಲಿಯುತ್ತಿದ್ದಳು. ಮಗಳು ಸಿರಿಗೇರಿಯಲ್ಲಿ ಅಜ್ಜಿಯ ಬಳಿ ಇದ್ದು ಶಾಲೆಗೆ ಹೋಗುತ್ತಿದ್ದಳು. ಮೈಯ ಕಾವಲಿಗೆ ಇರುವ ಶಕ್ತಿಯೇ ತಿರುಗಿಬಿದ್ದು ಕಿಡ್ನಿಯನ್ನು ಕಚ್ಚುವ ಒಂದು ರೋಗವಿದೆ, ಅದು ಅವಳಿಗೆ ಬಂದಿತ್ತು. ಆ ತಿರುಗಿಬಿದ್ದ ಶಕ್ತಿಯನ್ನು ತಗ್ಗಿಸುವ ಜೋರು ಗುಳಿಗೆಗಳಿವೆ. ಕಿಡ್ನಿಯಲ್ಲಿ ಉರಿ ಇರುವಷ್ಟು ದಿನ ಅವು ಕಾಪಾಡುತ್ತವೆ. ಆದರೆ ಗುಳಿಗೆ ನುಂಗುತ್ತಿದ್ದರೂ ಕಲೆ ಬೇಗ ಬೇಗ ಏರುತ್ತ ಹೋದರೆ ಇನ್ನು ಅವುಗಳಿಂದ ಉಪಯೋಗವಿಲ್ಲ, ಮೈಗೆ ಕೆಟ್ಟದ್ದಷ್ಟೇ. ಆಗ ನಿಲ್ಲಿಸಿ ಡಯಾಲಿಸಿಸ್‌ಗೆ ತಯಾರಾಗಿ ಎನ್ನುತ್ತಾರೆ. ಅಂದರೆ ಹುಲಿಗೆಮ್ಮನ ಗುಳಿಗೆ ಮುಂದುವರಿಯಬೇಕೋ ನಿಲ್ಲಬೇಕೋ ಎನ್ನುವುದು ನಮ್ಮ ನೀಲಿ ಬಣ್ಣದ ಲೆಕ್ಕದ ಮೇಲೆ ನಿಂತಿತ್ತು.

ಅವಳ ಮೊದಲ ಚೂರು ಬಂದದ್ದು ಹೈದರಾಬಾದಿನವರು ಇದ್ದ ವಾರದಲ್ಲಿ. ಅವರೇ ಅಳೆದರು. ನೂರರಲ್ಲಿ ಹದಿನೈದು ಪಾಲು ಕಲೆ. ಗುಳಿಗೆ ಶುರುವಾಯಿತು. ಆರು ತಿಂಗಳು ಕಳೆದ ಮೇಲೆ ಗುಳಿಗೆ ಹಿಡಿಯಿತೋ ಇಲ್ಲವೋ ನೋಡಲು ಎರಡನೆಯ ಚೂರು ತೆಗೆದು ಕಳಿಸಿದರು. ಅದನ್ನು ಅಳೆದವಳು ನಾನು. ಕಂಪ್ಯೂಟರ್ ನಲವತ್ತೆರಡು ಎಂದಿತು.

ನಾನು ಸ್ಲೈಡನ್ನು ಮತ್ತೆ ಬರಿಗಣ್ಣಿಗೆ ಹಿಡಿದು, ಮತ್ತೆ ಮೈಕ್ರೋಸ್ಕೋಪಿಗೆ ಇಟ್ಟು ನೋಡಿದೆ. ಅಷ್ಟು ಕೆಟ್ಟ ಹಾಗೆ ಕಾಣಲಿಲ್ಲ. ಡಾಕ್ಟರ್ ಸುನೀತಾ ಅವರ ಬಳಿ ಹೋದೆ.

“ಮೇಡಂ, ಕಣ್ಣಿಗೆ ಅಷ್ಟು ಕಾಣಾಕತ್ತಿಲ್ರಿ.”

“ಉರಿ ಇನ್ನೂ ಇದೆ, ನಾನೂ ನೋಡಿದೆ ಶರಣಮ್ಮನವರೇ. ಆದರೆ ಕಲೆ ಎಷ್ಟು ಅನ್ನೋದರಲ್ಲಿ ಕಣ್ಣು ಮೋಸ ಮಾಡುತ್ತೆ. ಅದಕ್ಕೇ ತಾನೇ ಈ ಯಂತ್ರ ತಂದಿದ್ದು? ಆರು ತಿಂಗಳಲ್ಲಿ ಹದಿನೈದು ಇದ್ದದ್ದು ನಲವತ್ತೆರಡು ಆಗಿದೆ. ಇದನ್ನ ಮುಚ್ಚಿಡೋಕೆ ಆಗಲ್ಲ,” ಎಂದು ಅವರು ಸಹಿ ಹಾಕಿದರು. ರಿಪೋರ್ಟು ಹೊರಟುಹೋಯಿತು.

ಎರಡು ದಿನ ತಡೆಯಿರಿ, ನನಗೆ ಅನುಮಾನವಿದೆ ಎನ್ನಬಹುದಿತ್ತು. ಅನ್ನಲಿಲ್ಲ. ಕಳ್ಳನನ್ನು ಹಿಡಿದುಕೊಂಡೇ ಹೋಗಿ ಮುಂದೆ ನಿಲ್ಲಿಸಬೇಕು, ಬರಿಗೈಯಲ್ಲಿ ಹೋಗಿ ಮುದುಕಿಯ ಗೊಣಗಾಟ ಎನ್ನಿಸಿಕೊಳ್ಳಬಾರದು ಎನ್ನುವ ಹಟ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು, ಹಟ ಇನ್ನೂ ಹೆಚ್ಚಾಗಿತ್ತು.

ಮೊದಲ ಅನುಮಾನ ವಾಸಿಂ ಮೇಲೆ. ವಾಸಿಂ ನನ್ನ ಕೈಕೆಳಗಿನ ಟೆಕ್ನಿಷಿಯನ್, ಕೌಲ್ ಬಜಾರಿನವನು, ಎರಡು ಮಕ್ಕಳ ತಂದೆ. ಬಣ್ಣ ಕಲಸುವುದು ಅವನ ಕೆಲಸ. ನೀಲಿ ಗಾಢವಾಗಿ ಕಲಸಿದ್ದಾನೆ, ಅದಕ್ಕೇ ಎಲ್ಲೆಲ್ಲೂ ನೀಲಿ ಎಂದು ಲೆಕ್ಕ ಹಾಕಿದೆ. ಅವನು ಊಟಕ್ಕೆ ಹೋದಾಗ ಬಾಟಲಿಯ ಮೇಲೆ ದ್ರಾವಣದ ಮಟ್ಟಕ್ಕೆ ಸರಿಯಾಗಿ ಪೆನ್ಸಿಲ್ಲಿನಿಂದ ಗೀಟು ಎಳೆದೆ, ನನಗೆ ಹೇಳದೆ ಏನಾದರೂ ಬೆರೆಸುತ್ತಾನೋ ಎಂದು. ಮೂರು ದಿನ ಕಾದೆ. ಮಟ್ಟ ಗೀಟಿನಿಂದ ಮೇಲೆ ಏರಲಿಲ್ಲ. ಆಮೇಲೆ ಅನುಮಾನ ಮೈಕ್ರೋಸ್ಕೋಪಿನ ಬಲ್ಬಿನ ಮೇಲೆ ಹೋಯಿತು. ನಡುವೆ ಹಳದಿ ಬಲ್ಬು ತೆಗೆದು ಬಿಳಿಯದು ಹಾಕಿದ್ದರು. ಆಮೇಲೆ ಅಚ್ಚುಗಳೇ ಅದಲುಬದಲಾಗಿವೆಯೇನೋ ಎಂದು ನಂಬರು ತೆಗೆದು ನೋಡಿದೆ. ಅದೂ ಸರಿ ಇತ್ತು. ಪದರ ದಪ್ಪ ಕೊಯ್ದಿದ್ದರೆ ನೀಲಿ ಹೆಚ್ಚು ಕಾಣುತ್ತದೆ, ಆದರೆ ಕೊಯ್ದವಳು ನಾನು, ಹಾಗಾಗಿ ಆ ಕಡೆ ಬಹಳ ಹೊತ್ತು ಯೋಚಿಸಲಿಲ್ಲ.

ಕೊನೆಗೆ ಒಂದು ದಿನ ಹುಲಿಗೆಮ್ಮನ ಹಳೆಯ ಅಚ್ಚನ್ನೂ ಹೊಸ ಅಚ್ಚನ್ನೂ ಹೊರತೆಗೆದು, ಒಂದೇ ದಿನ ಕೊಯ್ದು, ಒಂದೇ ತಟ್ಟೆಯಲ್ಲಿ ಬಣ್ಣ ಹಾಕಿ, ಎಂದಿನಂತೆ ಚುಕ್ಕಿ ಇಟ್ಟು, ಒಂದೇ ಬಲ್ಬಿನಲ್ಲಿ ಅಳೆದೆ. ಹೊಸದು ನಲವತ್ತರ ಆಸುಪಾಸು ಬಂತು. ಹಳೆಯದು, ಹದಿನೈದು ಇದ್ದದ್ದು, ಮೂವತ್ತೈದು ಬಂತು.

ಸಿಕ್ಕಿಬಿದ್ದ ಅಂದುಕೊಂಡೆ. ತಪ್ಪು ಹೈದರಾಬಾದಿನವನದು! ಕುರುಡನ ಹಾಗೆ ಗುಂಡಿ ತಿರುಗಿಸಿ ಖಾಲಿ ಜಾಗದ ಫೋಟೋ ತೆಗೆದು ಹದಿನೈದು ಎಂದು ಬರೆದು ಹೋಗಿದ್ದ. ರೋಗ ಮೊದಲಿನಿಂದಲೂ ಇಷ್ಟೇ ಕೆಟ್ಟಿತ್ತು. ನನಗೆ ಆ ದಿನ ಎಷ್ಟು ಸಮಾಧಾನವಾಯಿತು ಎಂದರೆ ಹೋಟೆಲಿನಿಂದ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದೆ. ವಾಸಿಂ ಯಾಕೆ ಎಂದು ಕೇಳಲೂ ಇಲ್ಲ, ತಿಂದ. ಹುಲಿಗೆಮ್ಮನಿಗೆ ಈ ಸಮಾಧಾನದಿಂದ ಏನು ಸಿಕ್ಕಿತು ಎಂದು ನಾನು ಆ ದಿನ ಕೇಳಿಕೊಳ್ಳಲಿಲ್ಲ.

ಮರುದಿನ ಅವಳೇ ಬಂದಳು. ಅದಕ್ಕೆ ಮುಂಚೆ ನಾನು ಅವಳ ಮುಖ ನೋಡಿರಲಿಲ್ಲ. ನಮ್ಮ ಕೆಲಸದಲ್ಲಿ ರೋಗಿಯ ಚೂರು ಗೊತ್ತಿರುತ್ತದೆ, ಮುಖ ಗೊತ್ತಿರುವುದಿಲ್ಲ. ಬೆರಳ ತುದಿಗಳಿಗೆ ಜೀನ್ಸಿನ ನೀಲಿ ಹತ್ತಿತ್ತು, ಕಣ್ಣಿನ ಕೆಳಗೆ ಊದಿಕೊಂಡಿತ್ತು.

“ಅಮ್ಮಾರ, ನನ್ನ ಗಾಜು ಕೊಡ್ತೀರೇನ್ರಿ? ಹೈದರಾಬಾದಿಗೆ ತೋರ್ಸಾಕ ಹೋಗ್ತೀನಿ,” ಎಂದಳು. “ನಿಮ್ಮ ರಿಪೋರ್ಟು ನೋಡಿ ಕಿಡ್ನಿ ಡಾಕ್ಟರು ದೊಡ್ಡ ಗುಳಿಗಿ ಬಂದ್ ಮಾಡ್ಸ್ಯಾರ. ಇವತ್ತಿಗೆ ಹದಿನೆಂಟು ದಿನ ಆತು. ಡಯಾಲಿಸಿಸ್ ಅಂತಾರ. ವಾರದಾಗ ಎರಡು ಮೂರು ದಿನ ಅಲ್ಲೇ ಮಲಗಿದ್ರ ನನ್ನ ಮಿಷಿನ್ ಮ್ಯಾಲ ಬ್ಯಾರೇದವರನ್ನ ಕುಂದ್ರಸ್ತಾರ. ನನ್ನ ಮಗಳಿನ್ನೂ ಸಾಲಿಗೆ ಹೊಂಟಾಳ್ರಿ.”

ಸ್ಲೈಡು ಕೊಡುವ ಮುಂಚೆ ನಂಬರು ಸರಿಯಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದೆ. ಅವಳೂ ಪಕ್ಕಕ್ಕೆ ಬಂದು ನೋಡಿದಳು.

“ಇದೇ ಏನ್ರಿ ನನ್ನ ಕಿಡ್ನಿ? ಈ ದಾರದ ಎಳಿ?”

“ಹೂಂನವ್ವಾ.”

“ಈ ಮಸಿ ಚುಕ್ಕಿ?”

“ಅದು ನಾ ಇಟ್ಟಿದ್ದು. ಅಲ್ಲಿ ನೋಡ್ಬೇಕು ಅಂತ. ರೋಗ ಚಲೋ ಕಾಣೋದು ಅಲ್ಲೇ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಎಲ್ಲರನ್ನೂ ನೋಡುತ್ತಿದ್ದ ರೀತಿಯಲ್ಲೇ, ಅನುಮಾನದಿಂದ.

“ಅಂದ್ರ ಕೆಟ್ಟಿದ್ದನ್ನಷ್ಟ ಆರ್ಸಿ ನೋಡ್ತೀರಿ? ನಮ್ಮಲ್ಲಿ ಹಂಗ ಮಾಡಿದ್ರ ಒಂದು ಲಾಟೂ ಪಾಸ್ ಆಗಂಗಿಲ್ರಿ. ನಮ್ಮ ಮಾಸ್ಟರು ನಾವು ಕೊಟ್ಟ ಪೀಸು ಮುಟ್ಟಂಗಿಲ್ಲ, ಚಲೋವು ಆರ್ಸಿ ಮ್ಯಾಲ ಇಟ್ಟಿರ್ತೀವಿ ಅಂತ. ಕೆಟ್ಟವೂ ಆರ್ಸಂಗಿಲ್ಲ, ಮಾಲಕರಿಗೆ ಅನ್ಯಾಯ ಅಂತ. ಮಾರಿ ಆಕಡೆ ಮಾಡ್ತಾರ, ಗಂಟಿನಾಗ ಕೈ ಹಾಕ್ತಾರ, ಸಿಕ್ಕಿದ್ದು ಎಳೀತಾರ. ಇಡೀ ಗಂಟಿನ ಹಣೆಬರಾ ಅದರಾಗ ಗೊತ್ತಾಗ್ತೈತಿ.”

ಕೈಯಲ್ಲಿದ್ದ ಸ್ಲೈಡನ್ನು ಮತ್ತೆ ಬೆಳಕಿಗೆ ಹಿಡಿದು ಚುಕ್ಕಿಯನ್ನೇ ನೋಡಿದೆ. ಊರಿನ ಕೆಟ್ಟ ಓಣಿಯೊಂದರ ಫೋಟೋ ಕೊಟ್ಟು ಊರು ಎಷ್ಟು ಕೆಟ್ಟಿದೆ ಎಣಿಸು ಎಂದು ನಾನು ಯಂತ್ರಕ್ಕೆ ಹೇಳಿದ್ದೆ. ಅದು ನಾನು ಕೊಟ್ಟಿದ್ದನ್ನು ಸರಿಯಾಗಿಯೇ ಎಣಿಸಿತ್ತು. ರೋಗ ಇದೆಯೇ ಎನ್ನುವ ಪ್ರಶ್ನೆಗೆ ಸರಿಯಿದ್ದ ಚುಕ್ಕಿ, ರೋಗ ಎಷ್ಟಿದೆ ಎನ್ನುವ ಪ್ರಶ್ನೆಗೆ ಶುದ್ಧ ಸುಳ್ಳು. ಇಷ್ಟು ಸಣ್ಣ ಮಾತು ಇಷ್ಟು ವರ್ಷದ ಅನುಭವಕ್ಕೆ ತಿಳಿಯಲಿಲ್ಲ.

“ಹುಲಿಗೆಮ್ಮಾ, ಹೈದರಾಬಾದಿಗೆ ಇವತ್ತು ಹೋಗಬ್ಯಾಡ. ನಾಳಿ ತನಕ ತಡಿ,” ಎಂದೆ. ಯಾಕೆ ಎಂದು ಕೇಳಿದಳು. ಒಂದು ಸಲ ಮತ್ತೆ ನೋಡುವುದಿದೆ ಎಂದಷ್ಟೇ ಹೇಳಿದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ, ಆದರೂ ಫೋನ್ ನಂಬರು ಬರೆಸಿ ಹೋದಳು.

ವಾಸಿಂನನ್ನು ಕರೆದು ಗುಂಡಿಯ ಮುಂದೆ ಕೂರಿಸಿದೆ. ನನ್ನ ಕೈಗೆ ಮತ್ತೆ ಚುಕ್ಕಿಯ ಕಡೆ ಹೋಗುವ ಚಟ. ಚುಕ್ಕಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹಾಕಿದೆ. ತುದಿಯಿಂದ ತುದಿಗೆ, ಎಣಿಸಿದಷ್ಟೇ ತಿರುಗಿಸು, ಎಲ್ಲಿ ನಿಲ್ಲುತ್ತದೋ ಅಲ್ಲೇ ಫೋಟೋ ತೆಗೆ ಎಂದೆ. ಹಳೆಯ ಅಚ್ಚು ಹದಿನಾರು ಬಂತು. ಹೊಸದು ಹತ್ತೊಂಬತ್ತು. ಕಲೆ ತುಸು ಹೆಚ್ಚಿತ್ತು, ಅಷ್ಟೇ. ಉರಿ ಇತ್ತು. ಗುಳಿಗೆ ಬೇಕಾಗಿತ್ತು.

“ವಾಸಿಂ, ಬಣ್ಣ ನೀನು ಕೆಡಿಸಿದ್ದಿ ಅಂತ ತಿಳಿದಿದ್ನಪ್ಪಾ,” ಎಂದೆ.

“ಗೊತ್ತೈತಕ್ಕಾ,” ಎಂದ ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಬಾಟ್ಲಿ ಮ್ಯಾಲಿನ ಪೆನ್ಸಿಲ್ ಗೀಟು ಅಳಿಸ್ಬ್ಯಾಡ್ರಿ. ನನಗ ಅಳತಿಗೆ ಬರ್ತೈತಿ.”

ಅವನಿಗೆ ನೋವಾಗಿತ್ತು. ತಮಾಷೆ ಮಾಡಿ ನನ್ನ ಮಾನ ಉಳಿಸಿದ.

ಡಾ. ಸುನೀತಾ ಅವರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡೂ ಸ್ಲೈಡುಗಳನ್ನು ತಾವೇ ನೋಡಿದರು, ಕಿಡ್ನಿ ಡಾಕ್ಟರಿಗೆ ನನ್ನ ಎದುರಿಗೇ ಫೋನ್ ಮಾಡಿದರು. ಮರುದಿನ ಬೆಳಗ್ಗೆಯಿಂದ ಗುಳಿಗೆ ಶುರು ಮಾಡುವುದೆಂದು ಆಯಿತು. ಫೋನ್ ಇಟ್ಟ ಮೇಲೆ ಹೊಸ ರಿಪೋರ್ಟು ಬರೆಯಲು ಕೂತರು.

“ಸಾಫ್ಟ್‌ವೇರಿನ ದೋಷ, ಮರುಪರಿಶೀಲನೆ ಅಂತ ಹಾಕೋಣ. ನಿಮ್ಮ ಸರ್ವೀಸು ಇನ್ನು ಮೂರು ತಿಂಗಳೂ ಇಲ್ಲ. ಕೊನೆಯಲ್ಲಿ ಯಾಕೆ ಹೆಸರು ಕೆಡಿಸಿಕೊಳ್ತೀರಿ?”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಲ್ಯಾಬಿನ ಹೆಸರಿನ ಭಯವೂ ಇತ್ತು ಎಂದು ನನಗೆ ಅನುಮಾನ. ಸತ್ಯ ಹೇಳುತ್ತೇನೆ, ಒಂದು ಕ್ಷಣ ಹೂಂ ಎನ್ನಲು ಬಾಯಿ ತೆರೆದಿದ್ದೆ. ಯಂತ್ರಕ್ಕೆ ಬಾಯಿಲ್ಲ, ಅದು ಬೇಸರ ಮಾಡಿಕೊಳ್ಳುವುದಿಲ್ಲ.

“ಯಂತ್ರದ ತಪ್ಪು ಅಂತ ಬರದ್ರ ಈ ಒಂದು ರಿಪೋರ್ಟು ಸರಿ ಆಗ್ತೈತ್ರಿ ಮೇಡಂ. ಆರು ತಿಂಗಳಾತು, ಅಳೆದಿದ್ದೆಲ್ಲಾ ನನ್ನ ಚುಕ್ಕಿಯಿಂದ. ಆ ಸ್ಲೈಡೆಲ್ಲಾ ಇಟ್ಟಿರೋ ಡ್ರಾಯರ್ ಯಾರು ತಗೀತಾರ?”

ಅವರು ಡ್ರಾಯರಿನ ಕಡೆ ನೋಡಿದರು. ಆಮೇಲೆ ‘ಫೋಟೋ ತೆಗೆದ ಜಾಗಗಳನ್ನು ಟೆಕ್ನಿಷಿಯನ್ ಆರಿಸಿದ್ದರಿಂದ ಹಿಂದಿನ ಅಳತೆ ತಪ್ಪಾಗಿದೆ’ ಎಂದು ಬರೆದರು. ನಾನು ಕೆಳಗೆ ನನ್ನ ಹೆಸರು ಸೇರಿಸಿ ಸಹಿ ಹಾಕಿದೆ. ಉಳಿದ ಸ್ಲೈಡುಗಳನ್ನೆಲ್ಲ ವಾಸಿಂ ಮತ್ತು ನಾನು ಮತ್ತೆ ಅಳೆದೆವು. ಬಹಳಷ್ಟರಲ್ಲಿ ಅಂಕಿ ಇಳಿಯಿತು. ಯಾರ ಔಷಧಿಯೂ ಅವುಗಳಿಂದ ಬದಲಾಗಿರಲಿಲ್ಲ ಎಂದು ಡಾಕ್ಟರು ಒಬ್ಬೊಬ್ಬರಿಗೂ ಫೋನ್ ಮಾಡಿ ಖಚಿತ ಮಾಡಿಕೊಂಡರು. ನನ್ನ ಚುಕ್ಕಿಗೆ ಹುಲಿಗೆಮ್ಮ ಒಬ್ಬಳೇ ಸಿಕ್ಕಿದ್ದಳು.

ಗುಳಿಗೆ ಮತ್ತೆ ಶುರುವಾದ ದಿನವೇ ಹುಲಿಗೆಮ್ಮನ ಬಳಿ ಹೋಗಿದ್ದೆ. ಫೋನಿನಲ್ಲಿ ಹೇಳಬಹುದಿತ್ತು. ನನಗೆ ಅದು ಸರಿ ಕಾಣಲಿಲ್ಲ. ಅವಳು ಹೊಲಿಯುತ್ತಿದ್ದ ಕೌಲ್ ಬಜಾರಿನ ಮನೆಯನ್ನು ಆಟೋದವನನ್ನು ಕೇಳಿಕೊಂಡು ಹುಡುಕಿದೆ. ಮಾಳಿಗೆಯ ಮೇಲೆ ಒಂದೇ ಉದ್ದ ಕೋಣೆ, ಆರೇಳು ಮಿಷಿನ್ನು, ನೆಲದ ತುಂಬ ನೀಲಿ ಬಟ್ಟೆಯ ಗಂಟುಗಳು. ಅವಳು ಗೋಡೆಯ ಪಕ್ಕದ ಮಿಷಿನ್ನಿನಲ್ಲಿ ಜೇಬು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಗಂಟಿನ ಮೇಲೆಯೇ ಕೂತು ಹೇಳಿದೆ. ಯಂತ್ರದ ತಪ್ಪಿಲ್ಲ, ಡಾಕ್ಟರ ತಪ್ಪಿಲ್ಲ, ಕೆಟ್ಟ ಜಾಗ ಆರಿಸಿ ಕೊಟ್ಟವಳು ನಾನು. ಅನುಮಾನ ಮೊದಲ ದಿನವೇ ಬಂದಿತ್ತು, ಬಾಯಿ ಬಿಡದೆ ಊರವರನ್ನೆಲ್ಲ ಅನುಮಾನಿಸುತ್ತ ಕೂತೆ, ತಪ್ಪಾಯಿತು ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಮಾಸ್ಟರ್ ಕೇಳಿಸಿಕೊಳ್ಳುತ್ತಾನೆ ಎಂದೋ ಏನೋ, ಮೆಲ್ಲಗೆ ಕೇಳಿದಳು:

“ಗುಳಿಗಿ ಇವತ್ತು ಮುಂಜಾನಿ ನುಂಗೀನ್ರಿ. ಅದು ಬಿಡ್ರಿ. ಆ ಹದಿನೆಂಟು ದಿನದಾಗ ನನ್ನ ಕಿಡ್ನಿ ಎಷ್ಟು ಹೋತು? ಅದನ್ನ ಅಳಿಯೋ ಮಿಷಿನ್ ಐತೇನ್ರಿ ನಿಮ್ಮಲ್ಲಿ?”

“ಇಲ್ಲವ್ವಾ,” ಎಂದೆ.

ಅವಳು ತಲೆ ಆಡಿಸಿ ಇನ್ನೊಂದು ಜೇಬನ್ನು ಸೂಜಿಯ ಕೆಳಗೆ ಸರಿಸಿದಳು.

ನಾನು ನಿವೃತ್ತಳಾಗಿ ಈಗ ಎರಡು ವರ್ಷವಾಯಿತು. ಹುಲಿಗೆಮ್ಮನಿಗೆ ಡಯಾಲಿಸಿಸ್ ಬಂದಿಲ್ಲ, ಕೆಲಸ ಹೋಗಿಲ್ಲ, ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಕಿಡ್ನಿ ಮಾತ್ರ ಮೊದಲಿನಷ್ಟಿಲ್ಲ, ತುಸು ಇಳಿದಿದೆ. ವಾಸಿಂ ಆಗಾಗ ಹೇಳುತ್ತಿರುತ್ತಾನೆ. ಆ ತುಸು ರೋಗದಿಂದಲೋ, ಆ ಹದಿನೆಂಟು ದಿನದಿಂದಲೋ ಎಂದು ಡಾ. ಸುನೀತಾ ಅವರನ್ನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅವರು “ರೋಗದಿಂದಲೇ ಶರಣಮ್ಮನವರೇ, ಆ ದಿನಗಳಿಂದ ಅಲ್ಲ” ಎಂದಿದ್ದಾರೆ. ಬಹಳ ಪ್ರೀತಿಯಿಂದ ಹೇಳುತ್ತಾರೆ. ನಾನು ಅವರನ್ನು ನಂಬುವುದಿಲ್ಲ.